ಹನ್ನೆರಡೇ ಸಾಕು

2025ರ ಡಿಸೆಂಬರ್ 6ರಂದು ಇಂಡಿಯಾನಾಪೊಲಿಸ್‌ನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲಿನ ಬಿಗ್ ಟೆನ್ ಕಾನ್ಫರೆನ್ಸಿನ ಫೈನಲ್ ಇತ್ತು. ಕಾನ್ಫರೆನ್ಸ್ ಅಂದರೆ ಯೂನಿವರ್ಸಿಟಿ ತಂಡಗಳ ಒಂದು ಗುಂಪು. ಒಂದು ಕಡೆ ಓಹಾಯೋ ಸ್ಟೇಟ್, ಇನ್ನೊಂದು ಕಡೆ ಇಂಡಿಯಾನಾ. ದೇಶದ ಮೊದಲೆರಡು ರ‍್ಯಾಂಕಿನ ತಂಡಗಳು. ಆ ವರ್ಷ ಅಲ್ಲಿಯವರೆಗೆ ಎರಡೂ ಒಂದೇ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಇಂಡಿಯಾನಾ 13-10ರಿಂದ ಗೆದ್ದಿತು. ಮರುದಿನ ಪ್ಲೇಆಫ್ ಪಟ್ಟಿ ಬಂತು, ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್‌ಗೆ ಆರಿಸಿದ ಹನ್ನೆರಡು ತಂಡಗಳದ್ದು. ಗೆದ್ದ ಇಂಡಿಯಾನಾ ಒಂದನೇ ಸೀಡ್. ಸೋತ ಓಹಾಯೋ ಸ್ಟೇಟ್ ಎರಡನೇ ಸೀಡ್. ಇಬ್ಬರಿಗೂ ಮೊದಲ ಸುತ್ತಿನಲ್ಲಿ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ. ಹಾಗಾದರೆ ಆ ಸೋಲಿಗೆ ಕೊಟ್ಟ ಬೆಲೆ ಎಷ್ಟು? ಹೆಚ್ಚೂ ಕಡಿಮೆ ಸೊನ್ನೆ.

ನಾನು ಓಹಾಯೋ ಸ್ಟೇಟ್‌ನಲ್ಲಿ ಓದಿದವನು, ಈಗಲೂ ಆ ಯೂನಿವರ್ಸಿಟಿಯ ಊರಾದ ಕೊಲಂಬಸ್‌ನಲ್ಲೇ ಇರುವವನು. ನಮ್ಮ ತಂಡ ಸೋತ ರಾತ್ರಿ ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. "ಹೇಗೂ ಒಳಗೆ ಇದ್ದೇವೆ ಬಿಡು" ಅಂತ ಟಿವಿ ಆರಿಸಿ ಮಲಗಿದೆ. ಆಮೇಲೆ ನನ್ನನ್ನು ಕಾಡಿದ್ದು ಸೋಲಲ್ಲ, ಆ ನಿರಾಳ. ಕಾಲೇಜು ಫುಟ್‌ಬಾಲಿನಲ್ಲಿ ಪ್ಲೇಆಫ್ ಎಷ್ಟು ತಂಡಗಳದ್ದಾಗಿರಬೇಕು ಅನ್ನುವ ಜಗಳ ಇಲ್ಲಿ ವರ್ಷಗಳಿಂದ ನಡೆಯುತ್ತಿದೆ. ಎರಡಿತ್ತು, ನಾಲ್ಕಾಯಿತು, ಹನ್ನೆರಡಾಯಿತು. ಈಗ ಹದಿನಾರು ಬೇಕು, ಇಪ್ಪತ್ತನಾಲ್ಕು ಬೇಕು ಅನ್ನುವ ಮಾತು. ಸಂಖ್ಯೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಶನಿವಾರಗಳಿಗೆ ಎಷ್ಟು ಬೆಲೆ ಇರಬೇಕು ಅನ್ನುವುದೇ ಅಸಲಿ ಪ್ರಶ್ನೆ ಅಂತ ನನ್ನ ಲೆಕ್ಕ.

ಈ ಆಟವನ್ನು ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ಇದು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಆಡುವವರು ಯೂನಿವರ್ಸಿಟಿ ವಿದ್ಯಾರ್ಥಿಗಳು. ನೋಡುವವರೋ, ಮಿಶಿಗನ್ ಸ್ಟೇಡಿಯಂ ಒಂದರಲ್ಲೇ 1,07,601 ಜನ ಕೂರಬಹುದು. ಮೇಲಿನ ದರ್ಜೆಯಲ್ಲಿ 2025ರಲ್ಲಿ 136 ತಂಡಗಳಿದ್ದವು. ಒಂದೊಂದು ತಂಡಕ್ಕೆ ಸಿಗುವುದು 12 ಲೀಗ್ ಪಂದ್ಯ. ಎಲ್ಲ ತೊಡಕೂ ಇಲ್ಲೇ ಇದೆ ನೋಡಿ. ಐಪಿಎಲ್‌ನಲ್ಲಿ ಹತ್ತು ತಂಡ, ತಲಾ ಹದಿನಾಲ್ಕು ಪಂದ್ಯ. ಅಂಕಪಟ್ಟಿ ನೋಡಿದರೆ ಸಾಕು, ಯಾರು ಮುಂದೆ ಅಂತ ಮಕ್ಕಳೂ ಹೇಳುತ್ತಾರೆ. 136 ತಂಡ ಹನ್ನೆರಡೇ ಪಂದ್ಯ ಆಡಿದರೆ ಅಂಕಪಟ್ಟಿ ಅನ್ನುವುದೇ ಹುಟ್ಟುವುದಿಲ್ಲ. ಹನ್ನೊಂದು ಗೆದ್ದವನು ದೊಡ್ಡವನೋ, ಕಠಿಣ ಎದುರಾಳಿಗಳ ಮುಂದೆ ಒಂಬತ್ತು ಗೆದ್ದವನೋ? ಇದನ್ನು ತೀರ್ಮಾನಿಸಲು ಒಂದು ಸಮಿತಿ ಬೇಕು. ಟೆಕ್ಸಾಸಿನ ಗ್ರೇಪ್‌ವೈನ್‌ನ ಒಂದು ಹೋಟೆಲಿನಲ್ಲಿ ಆ ಸಮಿತಿ ಸೇರುತ್ತದೆ, ಪಟ್ಟಿ ಮಾಡುತ್ತದೆ, ಇಡೀ ದೇಶದಿಂದ ಬೈಸಿಕೊಳ್ಳುತ್ತದೆ.

ಮೊದಲು ಇದೂ ಇರಲಿಲ್ಲ. ಪತ್ರಕರ್ತರು ಒಂದು ಮತದಾನ ಮಾಡುತ್ತಿದ್ದರು, ಕೋಚ್‌ಗಳು ಇನ್ನೊಂದು. ಎರಡೂ ಒಂದೇ ಹೆಸರು ಹೇಳಿದರೆ ಸರಿ. ಇಲ್ಲದಿದ್ದರೆ ಒಂದೇ ವರ್ಷಕ್ಕೆ ಇಬ್ಬರು ಚಾಂಪಿಯನ್. 1997ರಲ್ಲಿ ಮಿಶಿಗನ್ ಮತ್ತು ನೆಬ್ರಾಸ್ಕಾ ಹೀಗೆ ಹಂಚಿಕೊಂಡವು. ಇದನ್ನು ತಪ್ಪಿಸಲು 1998ರಲ್ಲಿ ಬಿಸಿಎಸ್ ಬಂತು. ಮತಗಳನ್ನೂ ಕಂಪ್ಯೂಟರ್ ಲೆಕ್ಕವನ್ನೂ ಕೂಡಿಸಿ ಮೊದಲ ಎರಡು ತಂಡಗಳನ್ನು ಆರಿಸಿ ಫೈನಲ್ ಆಡಿಸುವ ಪದ್ಧತಿ. 2004ರಲ್ಲಿ ಆಬರ್ನ್ ತಂಡ ಎಲ್ಲ ಪಂದ್ಯ ಗೆದ್ದರೂ ಹೊರಗೆ ಉಳಿಯಿತು, ಯಾಕೆಂದರೆ ಸೋಲದ ತಂಡಗಳು ಎರಡಕ್ಕಿಂತ ಜಾಸ್ತಿ ಇದ್ದವು. 2011ರಲ್ಲಿ ಇನ್ನೂ ತಮಾಷೆ. ಎಲ್‌ಎಸ್‌ಯು ತಂಡ ಅಲಬಾಮಾವನ್ನು ಅದರ ಊರಲ್ಲೇ 9-6ರಿಂದ ಸೋಲಿಸಿತ್ತು. ಫೈನಲ್‌ಗೆ ಮತ್ತೆ ಅದೇ ಇಬ್ಬರು. ಈ ಸಲ ಅಲಬಾಮಾ 21-0. "ಪ್ರತಿ ವಾರವೂ ನಾಕೌಟ್ ಇದ್ದಂತೆ" ಅಂತ ಹೇಳಿಕೊಳ್ಳುತ್ತಿದ್ದವರ ಬಾಯಿ ಅಲ್ಲಿಗೆ ಮುಚ್ಚಿತು. 2014ರಿಂದ ನಾಲ್ಕು ತಂಡಗಳ ಪ್ಲೇಆಫ್ ಶುರುವಾಯಿತು.

ನಾಲ್ಕರ ಹತ್ತು ವರ್ಷಗಳಲ್ಲಿ ಅತಿ ಕೆಟ್ಟದ್ದು ಯಾವುದು ಅಂತ ಕೇಳಿದರೆ ನಾನು ಕೊನೆಯ ವರ್ಷವನ್ನೇ ಹೇಳುತ್ತೇನೆ. 2023ರಲ್ಲಿ ಫ್ಲೋರಿಡಾ ಸ್ಟೇಟ್ 13 ಆಡಿ 13 ಗೆದ್ದಿತು. ದೊಡ್ಡ ಕಾನ್ಫರೆನ್ಸಿನ ಚಾಂಪಿಯನ್ ಬೇರೆ. ಆದರೆ ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸುವ ಮುಖ್ಯ ಆಟಗಾರ, ಜೋರ್ಡನ್ ಟ್ರಾವಿಸ್ ನವೆಂಬರಿನಲ್ಲಿ ಕಾಲು ಮುರಿದುಕೊಂಡಿದ್ದ. ಅವನಿಲ್ಲದ ತಂಡ ಮೊದಲಿನ ತಂಡವಲ್ಲ ಅಂತ ಸಮಿತಿ ಅವರನ್ನು ಐದನೆಯ ಸ್ಥಾನಕ್ಕೆ ತಳ್ಳಿತು. ಒಂದು ಪಂದ್ಯ ಸೋತಿದ್ದ ಅಲಬಾಮಾ ನಾಲ್ಕನೆಯದಾಗಿ ಒಳಗೆ ಹೋಯಿತು. ನನ್ನ ಕಾಲು ಇನ್ನೂ ಮೊದಲೇ ಮುರಿದಿದ್ದರೆ ಈ ತಂಡ ನಾನೊಬ್ಬನೇ ಅಲ್ಲ ಅಂತ ಜನಕ್ಕೆ ಕಾಣುತ್ತಿತ್ತು ಅನ್ನುವ ಅರ್ಥದಲ್ಲಿ ಟ್ರಾವಿಸ್ ಆವತ್ತು ಬರೆದುಕೊಂಡ. ನಾನು ಫ್ಲೋರಿಡಾ ಸ್ಟೇಟ್ ಅಭಿಮಾನಿಯಲ್ಲ. ಆದರೂ ಓದಿ ಹೊಟ್ಟೆ ಚುರುಕ್ ಅಂದಿತು. ಗೆಲ್ಲುವುದನ್ನು ಬಿಟ್ಟು ಒಂದು ತಂಡ ಇನ್ನೇನು ಮಾಡಬೇಕು? ಹಾಗಾಗಿ 2024ರಲ್ಲಿ ಹನ್ನೆರಡು ತಂಡಗಳ ಪದ್ಧತಿ ಬಂದಾಗ ನಾನಂತೂ ಖುಷಿಪಟ್ಟೆ.

ಖುಷಿಗೆ ಕಾರಣ ಇನ್ನೂ ಒಂದಿತ್ತು. ಮೊದಲ ಸುತ್ತಿನ ನಾಲ್ಕು ಪಂದ್ಯಗಳು ಮೇಲಿನ ಸೀಡ್ ತಂಡದ ಕ್ಯಾಂಪಸ್ಸಿನಲ್ಲೇ ನಡೆಯುತ್ತವೆ. ಮೊದಲೆಲ್ಲ ಡಿಸೆಂಬರ್, ಜನವರಿಯ ದೊಡ್ಡ ಪಂದ್ಯಗಳು ಬೆಚ್ಚಗಿನ ಊರುಗಳಲ್ಲೇ ಆಗುತ್ತಿದ್ದವು. ಫ್ಲೋರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಇಲ್ಲವೇ ಮೇಲೆ ಛಾವಣಿ ಇರುವ ಸ್ಟೇಡಿಯಂ. ಉತ್ತರದ ಊರುಗಳಿಗೆ ಚಳಿಗಾಲದ ನಾಕೌಟ್ ಅನ್ನುವುದೇ ಗೊತ್ತಿರಲಿಲ್ಲ. 2024ರ ಡಿಸೆಂಬರ್ 21ರ ರಾತ್ರಿ ಟೆನ್ನೆಸಿ ತಂಡ ಕೊಲಂಬಸ್‌ಗೆ ಬಂತು. ಸೊನ್ನೆಗಿಂತ ಕೆಳಗಿನ ಚಳಿ. ನಮ್ಮ ಕೆಂಪಿನ ನಡುವೆ ಅವರ ಕಿತ್ತಳೆ ಬಣ್ಣ ಎಷ್ಟು ತುಂಬಿತ್ತೆಂದರೆ, ಟಿಕೆಟ್ ಮಾರಿಕೊಂಡ ನಮ್ಮವರ ಮೇಲೆ ಊರೆಲ್ಲ ಸಿಟ್ಟು. ಮೊದಲ ಕ್ವಾರ್ಟರ್ ಮುಗಿಯುವಾಗ 21-0. ಕೊನೆಗೆ 42-17. ಹೈ ಸ್ಟ್ರೀಟಿನಲ್ಲಿ ಗ್ಲೌಸ್ ಹಾಕಿದ ಕೈಗಳಲ್ಲೇ ಚಪ್ಪಾಳೆ. ಅಂಥ ರಾತ್ರಿ ನಾಲ್ಕು ತಂಡಗಳ ಕಾಲದಲ್ಲಿ ಸಾಧ್ಯವೇ ಇರಲಿಲ್ಲ. ಹನ್ನೆರಡರ ಪರವಾಗಿ ಯಾರಾದರೂ ಒಂದೇ ಕಾರಣ ಕೇಳಿದರೆ ನಾನು ಈ ಕ್ಯಾಂಪಸ್ ಪಂದ್ಯಗಳನ್ನೇ ತೋರಿಸುತ್ತೇನೆ.

ಆದರೆ ಅದಕ್ಕಿಂತ ಮೂರು ವಾರ ಮುಂಚಿನದ್ದನ್ನೂ ಹೇಳಬೇಕು. ನವೆಂಬರ್ 30. ಮಿಶಿಗನ್ ಜೊತೆಗಿನ ಪಂದ್ಯ. ಇದನ್ನು ಇಲ್ಲಿ ಬರೀ 'ದಿ ಗೇಮ್' ಅನ್ನುತ್ತಾರೆ, ಬೇರೆ ಹೆಸರು ಬೇಕಿಲ್ಲ. 1897ರಿಂದ ಬಂದ ಹಗೆ. ಆ ವಾರ ಕ್ಯಾಂಪಸ್ಸಿನ ಫಲಕಗಳಲ್ಲಿ 'ಎಂ' ಅಕ್ಷರ ಎಲ್ಲಿ ಕಂಡರೂ ಅದರ ಮೇಲೆ ಕೆಂಪು ಟೇಪಿನ ಗೀಟು ಬೀಳುತ್ತದೆ. ಹೊಸದಾಗಿ ಬಂದವನಿಗೆ ಹುಚ್ಚಾಟ ಅನಿಸುತ್ತದೆ. ಎರಡು ವರ್ಷ ಕಳೆದರೆ ಟೇಪ್ ಹಿಡಿದು ಅವನೇ ಓಡಾಡುತ್ತಿರುತ್ತಾನೆ. ಮಿಶಿಗನ್ನನ್ನು ಸೋಲಿಸಿದ ವರ್ಷ ನಮ್ಮ ಆಟಗಾರರಿಗೆ ಪುಟ್ಟ ಚಿನ್ನದ ಪ್ಯಾಂಟಿನ ಆಕಾರದ ಪದಕ ಕೊಡುತ್ತಾರೆ. 1934ರಿಂದ ನಡೆದುಬಂದ ಪದ್ಧತಿ. 2024ರಲ್ಲಿ ನಮ್ಮೂರಲ್ಲೇ, ನಮ್ಮ ಜನರ ಎದುರೇ, ಅಷ್ಟೇನೂ ಬಲವಿಲ್ಲದ ಮಿಶಿಗನ್ ಎದುರು 13-10ರಿಂದ ಸೋತೆವು. ಅದು ಸತತ ನಾಲ್ಕನೇ ಸೋಲು. ಕೋಚ್ ರಯಾನ್ ಡೇ ಅವರನ್ನು ಆ ರಾತ್ರಿಯೇ ಮನೆಗೆ ಕಳಿಸಿ ಅನ್ನುವ ಕೂಗು ಎದ್ದಿತು.

ಹಳೆಯ ಪದ್ಧತಿಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಎರಡು ಸೋಲಿನ ತಂಡಕ್ಕೆ ನಾಲ್ಕರಲ್ಲಿ ಜಾಗವೇ ಇರಲಿಲ್ಲ. ಹನ್ನೆರಡರಲ್ಲಿ ಎಂಟನೇ ಸೀಡ್ ಸಿಕ್ಕಿತು. ಟೆನ್ನೆಸಿ ಸೋತಿತು, ಓರೆಗನ್ ಸೋತಿತು, ಟೆಕ್ಸಾಸ್ ಸೋತಿತು. 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟ್ರ ಡೇಮ್ ತಂಡವನ್ನು 34-23ರಿಂದ ಸೋಲಿಸಿ ನಾವು ರಾಷ್ಟ್ರೀಯ ಚಾಂಪಿಯನ್. ಊರಿಗೆ ಊರೇ ಕುಣಿಯಿತು, ನಾನೂ ಕುಣಿದೆ. ಟೆಕ್ಸಾಸ್ ಪಂದ್ಯದಲ್ಲಿ ಚೆಂಡು ಕಸಿದು 83 ಗಜ ಓಡಿದ ಜ್ಯಾಕ್ ಸಾಯರ್ ಇಲ್ಲೇ ಪಕ್ಕದ ಪಿಕರಿಂಗ್ಟನ್ ಹುಡುಗ. ಅವನ ಹತ್ತಿರ ರಾಷ್ಟ್ರೀಯ ಚಾಂಪಿಯನ್‌ನ ಉಂಗುರ ಇದೆ. ನಾಲ್ಕು ವರ್ಷ ಆಡಿದರೂ ಚಿನ್ನದ ಪ್ಯಾಂಟು ಮಾತ್ರ ಇಲ್ಲ.

ಈ ಎರಡರಲ್ಲಿ ಒಂದನ್ನು ಆರಿಸಿ ಅಂದರೆ ಯಾವುದನ್ನು ಆರಿಸುತ್ತೀರಿ? ಈ ಪ್ರಶ್ನೆ ಕೊಲಂಬಸ್‌ನಲ್ಲಿ ಯಾರ ಮನೆಯ ಜಗಲಿಯಲ್ಲಿ ಕೇಳಿದರೂ ಅರ್ಧ ಗಂಟೆ ಗ್ಯಾರಂಟಿ. ನಮ್ಮ ಪಕ್ಕದ ಮನೆಯ ಹಿರಿಯರು ಐವತ್ತು ವರ್ಷದಿಂದ ಈ ತಂಡವನ್ನು ನೋಡಿದವರು. ಅವರ ಪ್ರಕಾರ ಮಿಶಿಗನ್ ಎದುರು ಸೋತ ಮೇಲೆ ಗೆದ್ದ ಕಪ್ಪಿಗೆ ಅರ್ಧ ರುಚಿ. ಎಂಟು ತಂಡ ಇದ್ದರೆ ಸಾಕಿತ್ತು ಅನ್ನುತ್ತಾರೆ. ಅವರ ಮೊಮ್ಮಗಳು ಈಗ ಅಲ್ಲೇ ಓದುತ್ತಿದ್ದಾಳೆ. ಅವಳಿಗೆ ತಾತನ ಮಾತು ಅರ್ಥವೇ ಆಗುವುದಿಲ್ಲ. "ಕಪ್ಪು ಬಂತಲ್ಲ, ಇನ್ನೇನು ಬೇಕು?" ಅನ್ನುತ್ತಾಳೆ. ಆಫೀಸಿನಲ್ಲಿ ಮಿಶಿಗನ್ ಕಡೆಯ ಗೆಳೆಯನೊಬ್ಬನಿದ್ದಾನೆ. ಅವನ ದೂರು ಬೇರೆಯೇ. ನಿಮ್ಮ ವರ್ಷ ಹಾಳು ಮಾಡುವ ಸುಖವನ್ನು ಈ ಪ್ಲೇಆಫ್ ನಮ್ಮಿಂದ ಕಿತ್ತುಕೊಂಡಿತು ಅನ್ನುತ್ತಾನೆ! ನಗು ಬಂದರೂ ಮಾತಿನಲ್ಲಿ ಹುರುಳಿದೆ. ಎದುರಾಳಿಯನ್ನು ಮನೆಗೆ ಕಳಿಸಲಾಗದ ಗೆಲುವು ಗೆಲುವೇ, ಆದರೆ ಹಲ್ಲಿಲ್ಲದ್ದು.

ಇಂಡಿಯಾನಾ ಯೂನಿವರ್ಸಿಟಿ ಇರುವ ಬ್ಲೂಮಿಂಗ್ಟನ್‌ನಲ್ಲಿ ಓದಿದ ಶಿವಮೊಗ್ಗ ಕಡೆಯ ಗೆಳೆಯನೊಬ್ಬನ ಪಾಡು ಇದಕ್ಕೆ ತದ್ವಿರುದ್ಧ. ಅವನು ಅಲ್ಲಿದ್ದಾಗ ಇಂಡಿಯಾನಾದಲ್ಲಿ ಬಾಸ್ಕೆಟ್‌ಬಾಲೇ ದೇವರು, ಫುಟ್‌ಬಾಲ್ ಬರೀ ಹೊತ್ತು ಕಳೆಯಲಿಕ್ಕೆ. ಈ ಆಟದ ಇತಿಹಾಸದಲ್ಲೇ ಅತಿ ಹೆಚ್ಚು ಸೋತ ತಂಡಗಳಲ್ಲಿ ಅದೂ ಒಂದು. 2023ರಲ್ಲಿ 12ರಲ್ಲಿ ಗೆದ್ದದ್ದು ಮೂರು. ಆಮೇಲೆ ಕರ್ಟ್ ಸಿಗ್ನೆಟಿ ಕೋಚ್ ಆಗಿ ಬಂದರು. 2024ರಲ್ಲಿ 11 ಗೆಲುವು, ಒಂದೇ ಸೋಲು. ಆದರೂ "ಸುಲಭದ ಎದುರಾಳಿಗಳು ಸಿಕ್ಕರು, ಅಷ್ಟೇ" ಅನ್ನುವ ಕುಹಕ. ಹನ್ನೆರಡರ ಪದ್ಧತಿ ಇದ್ದದ್ದರಿಂದ ಹತ್ತನೇ ಸೀಡ್ ಆಗಿ ಒಳಗೆ ಬಂದರು, ನೋಟ್ರ ಡೇಮ್ ಎದುರು 27-17ರಿಂದ ಸೋತರು. ಇಂಥವರಿಗೆ ಯಾಕೆ ಜಾಗ ಕೊಟ್ಟಿರಿ ಅಂತ ಟಿವಿಯಲ್ಲಿ ಕೂತವರು ಮಾತಾಡಿಕೊಂಡರು. ಮುಂದಿನ ವರ್ಷ ಅದೇ ಇಂಡಿಯಾನಾ 16 ಆಡಿ 16 ಗೆದ್ದಿತು. ಅಲಬಾಮಾವನ್ನು ರೋಸ್ ಬೌಲ್‌ನಲ್ಲಿ (ಬೌಲ್ ಅಂದರೆ ಋತುವಿನ ಕೊನೆಗೆ ನಡೆಯುವ ಹೆಸರುಳ್ಳ ಪಂದ್ಯ) 38-3ರಿಂದ ಮಣ್ಣು ಮುಕ್ಕಿಸಿತು. 2026ರ ಜನವರಿ 19ರಂದು ಮಯಾಮಿಯನ್ನು, ಅದೂ ಅವರದ್ದೇ ಸ್ಟೇಡಿಯಂನಲ್ಲಿ, 27-21ರಿಂದ ಸೋಲಿಸಿತು. "ಮಾರಾಯ, ನಾನು ಬದುಕಿರುವಾಗಲೇ ಇದು ಆಯಿತಲ್ಲ" ಅಂತ ಆ ರಾತ್ರಿ ಫೋನ್ ಮಾಡಿದ. ನನ್ನ ತಂಡವನ್ನು ಸೋಲಿಸಿದವರು ಅನ್ನುವುದನ್ನು ಮರೆತು ನಾನೂ ಅವನ ಜೊತೆ ನಕ್ಕೆ.

2025ರ ಇಂಡಿಯಾನಾ ಹೇಗೂ ಒಂದನೇ ಸೀಡ್. ನಾಲ್ಕಿದ್ದರೂ, ಎರಡಿದ್ದರೂ ಒಳಗೆ ಇರುತ್ತಿತ್ತು. ಅವರಿಗೆ ಹನ್ನೆರಡು ಬೇಕಾಗಿದ್ದದ್ದು 2024ರಲ್ಲಿ. ಇಂಡಿಯಾನಾಗೆ ಹೋಗಿ ಆಡಿದರೂ ಜನವರಿ ಕಾಣಬಹುದು ಅಂತ ಹುಡುಗರಿಗೆ ಗೊತ್ತಾದದ್ದೇ ಆಗ. ಹೀಗಾಗಿ "ಬಂದು ಸೋತರಲ್ಲ, ಯಾಕೆ ಬೇಕಿತ್ತು" ಅನ್ನುವ ವಾದ ನನಗೆ ಹಿಡಿಸುವುದಿಲ್ಲ. 2025ರಲ್ಲಿ ಇದೇ ಮಾತನ್ನು ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ತಂಡಗಳ ಮೇಲೆ ಹಾಕಿದರು. ಚಿಕ್ಕ ಕಾನ್ಫರೆನ್ಸಿನವರು, ಅವರ ಬದಲು ನೋಟ್ರ ಡೇಮ್ ಇರಬೇಕಿತ್ತು ಅಂತ. ಟುಲೇನ್ 41-10ರಿಂದ ಸೋತದ್ದು ನಿಜ. ಜೇಮ್ಸ್ ಮ್ಯಾಡಿಸನ್ ಓರೆಗನ್ನಿನ ಊರಿಗೇ ಹೋಗಿ 34 ಪಾಯಿಂಟ್ ಹೊಡೆದು 51-34ರಿಂದ ಸೋತಿತು. 2022ರವರೆಗೆ ಕೆಳಗಿನ ದರ್ಜೆಯಲ್ಲಿದ್ದ ತಂಡ ಅದು. ಏಕಪಕ್ಷೀಯ ಪಂದ್ಯ ಚಿಕ್ಕವರಿಂದ ಮಾತ್ರ ಆಗುತ್ತದೆಯೇ? ನಾಲ್ಕರ ಕಾಲದಲ್ಲೇ ಕ್ಲೆಮ್ಸನ್ ನಮ್ಮನ್ನು 31-0ರಿಂದ ಸೋಲಿಸಿರಲಿಲ್ಲವೇ. 2022ರ ಫೈನಲ್‌ನಲ್ಲಿ ಜಾರ್ಜಿಯಾ 65, ಟಿಸಿಯು 7. ದೊಡ್ಡವರು ಸೋತರೆ ಅದು 'ಕೆಟ್ಟ ದಿನ', ಚಿಕ್ಕವರು ಸೋತರೆ 'ಯೋಗ್ಯತೆ ಇಲ್ಲ'.

ಹೊರಗೆ ಉಳಿದವರ ಗೋಳು ಹನ್ನೆರಡರಿಂದ ನಿಂತಿತೇ? ಇಲ್ಲ. ಮದುವೆ ಊಟಕ್ಕೆ ಎಷ್ಟು ಎಲೆ ಹಾಕಿದರೂ ಕೊನೆಯ ಎಲೆಯ ಪಕ್ಕ ಒಬ್ಬ ನಿಂತೇ ಇರುತ್ತಾನೆ. 2025ರಲ್ಲಿ ಹಾಗೆ ನಿಂತದ್ದು ನೋಟ್ರ ಡೇಮ್. ಕೊನೆಯ ವಾರದವರೆಗೆ ಮಯಾಮಿಗಿಂತ ಮೇಲಿದ್ದರು. ಆ ಕೊನೆಯ ವಾರ ಇಬ್ಬರೂ ಆಡಲೇ ಇಲ್ಲ. ಆದರೂ ಅಂತಿಮ ಪಟ್ಟಿಯಲ್ಲಿ ಮಯಾಮಿ ಹತ್ತು, ನೋಟ್ರ ಡೇಮ್ ಹನ್ನೊಂದು. ಕೊನೆಯ ಎರಡು ಜಾಗ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್‌ಗೆ ಹೋಗಿದ್ದರಿಂದ ಹನ್ನೊಂದನೆಯವರು ಹೊರಗೆ. ಋತುವಿನ ಮೊದಲ ಪಂದ್ಯದಲ್ಲೇ ಮಯಾಮಿ ಅವರನ್ನು 27-24ರಿಂದ ಸೋಲಿಸಿತ್ತು. ಸಮಿತಿಗೆ ಅದು ಡಿಸೆಂಬರಿನಲ್ಲಿ ನೆನಪಾಯಿತು! ಫಲಿತಾಂಶ ಸರಿ, ದಾರಿ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ನೋಟ್ರ ಡೇಮ್‌ನವರು ಮುನಿಸಿಕೊಂಡು ಬೇರೆ ಯಾವ ಬೌಲ್ ಪಂದ್ಯವನ್ನೂ ಆಡುವುದಿಲ್ಲ ಅಂದರು. ಹೀಗೆ ಒಳಗೆ ಬಂದ ಮಯಾಮಿ ಫೈನಲ್‌ವರೆಗೂ ಹೋಯಿತು. ದಾರಿಯಲ್ಲಿ ನಮ್ಮನ್ನೂ 24-14ರಿಂದ ಕೆಡವಿತು.

ಅಲ್ಲಿ ಇನ್ನೊಂದು ವಿಚಿತ್ರ ಇದೆ. ಬೈ ಅನ್ನುವುದು ಬಹುಮಾನ ಅಂತ ನಾವು ಅಂದುಕೊಂಡಿದ್ದೆವು. 2024ರಲ್ಲಿ ಬೈ ಸಿಕ್ಕ ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯವನ್ನೇ ಸೋತವು. 2025ರಲ್ಲಿ ಇಂಡಿಯಾನಾ ಒಂದು ಬಿಟ್ಟು ಮೂರು ಸೋತವು. ಎಂಟರಲ್ಲಿ ಏಳು! ಮೂರು ವಾರಕ್ಕೂ ಜಾಸ್ತಿ ಸುಮ್ನೆ ಕೂತು ಮೈ ತುಕ್ಕು ಹಿಡಿಯುತ್ತದೆ ಅನ್ನುವವರಿದ್ದಾರೆ. ಅದೂ ಇರಬಹುದು. ನನಗೆ ಕಾಣುವ ಕಾರಣ ಇನ್ನೂ ಒಂದಿದೆ. ಐದರಿಂದ ಎಂಟನೇ ಸೀಡಿನವರಿಗೆ ತಮ್ಮ ಜನರ ಎದುರು ಒಂದು ಪಂದ್ಯ ಸಿಗುತ್ತದೆ. ಮೊದಲ ನಾಲ್ಕು ಸೀಡಿನವರಿಗೆ ಅದೂ ಇಲ್ಲ. ಕ್ವಾರ್ಟರ್ ಫೈನಲ್‌ಗಳೆಲ್ಲ ರೋಸ್, ಶುಗರ್ ಮುಂತಾದ ಹಳೆಯ ಬೌಲ್‌ಗಳಿಗೆ ಹೋಗುತ್ತವೆ. ಚೆನ್ನಾಗಿ ಆಡಿ ಮೇಲೆ ಬಂದ ತಂಡದ ಊರಿಗೆ ಒಂದೂ ಪ್ಲೇಆಫ್ ಪಂದ್ಯ ಇಲ್ಲ. ಇದೆಂಥ ನ್ಯಾಯ?

ಅಭಿಮಾನಿಯ ಜೇಬಿನ ಲೆಕ್ಕವೂ ಇಲ್ಲೇ ಬರುತ್ತದೆ. 2024ರಲ್ಲಿ ಓಹಾಯೋ ಸ್ಟೇಟನ್ನು ಕೊನೆಯವರೆಗೂ ಹಿಂಬಾಲಿಸಿದವರ ದಾರಿ ನೋಡಿ. ಕೊಲಂಬಸ್ ಆದ ಮೇಲೆ ಕ್ಯಾಲಿಫೋರ್ನಿಯಾದ ಪಾಸಡೀನಾ, ಅಲ್ಲಿಂದ ಟೆಕ್ಸಾಸಿನ ಆರ್ಲಿಂಗ್ಟನ್, ಆಮೇಲೆ ಅಟ್ಲಾಂಟಾ. ಮೂರು ವಾರದಲ್ಲಿ ಮೂರು ವಿಮಾನ, ಮೂರು ಹೋಟೆಲು, ಮೂರು ಟಿಕೆಟು. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲದೆ ಮೊದಲೇ ಬುಕ್ ಮಾಡಬೇಕು. ನಾನು ಎಲ್ಲಿಗೂ ಹೋಗಲಿಲ್ಲ. ನನಗೆ ಗೊತ್ತಿರುವವರಲ್ಲಿ ಹೋದವರು ಒಬ್ಬರೇ, ಅವರೂ ಪಾಸಡೀನಾಕ್ಕೆ ಮಾತ್ರ. ಹದಿನಾರೋ ಇಪ್ಪತ್ತನಾಲ್ಕೋ ಅಂತ ಮಾತಾಡುವವರು ಈ ಲೆಕ್ಕ ಹಾಕಿದ್ದನ್ನು ನಾನು ಕೇಳಿಲ್ಲ. ಅವರ ಲೆಕ್ಕ ಟಿವಿಯದ್ದು. ಇಎಸ್‌ಪಿಎನ್ ಜೊತೆ 2024ರಲ್ಲಿ ಆದ ಆರು ವರ್ಷಗಳ ಒಪ್ಪಂದವೇ ಸುಮಾರು 780 ಕೋಟಿ ಡಾಲರಿನದ್ದು ಅಂತ ಪತ್ರಿಕೆಗಳು ಬರೆದವು. 2026ರಿಂದ ಅದರಲ್ಲಿ ದೊಡ್ಡ ಪಾಲು ಬಿಗ್ ಟೆನ್ ಮತ್ತು ಎಸ್‌ಇಸಿ ಅನ್ನುವ ಎರಡೇ ಕಾನ್ಫರೆನ್ಸುಗಳಿಗೆ. ಪದ್ಧತಿ ಹೇಗಿರಬೇಕು ಅನ್ನುವುದರಲ್ಲೂ ಅವರದ್ದೇ ಮೇಲುಗೈ.

ಆ ಇಬ್ಬರೂ ಬೇರೆಬೇರೆ ದಿಕ್ಕಿಗೆ ಎಳೆಯುತ್ತಿದ್ದಾರೆ ಅನ್ನುವುದೇ ಸದ್ಯಕ್ಕೆ ನಮ್ಮ ಪುಣ್ಯ. ಎಸ್‌ಇಸಿಗೆ ಹದಿನಾರು ಬೇಕು, ಐದು ಕಾನ್ಫರೆನ್ಸ್ ಚಾಂಪಿಯನ್ನರು ಮತ್ತು ಸಮಿತಿ ಆರಿಸಿದ ಹನ್ನೊಂದು. ಬಿಗ್ ಟೆನ್ ಒಮ್ಮೆ ತನಗೆ ನಾಲ್ಕು, ಎಸ್‌ಇಸಿಗೆ ನಾಲ್ಕು ಅಂತ ಮೊದಲೇ ಜಾಗ ಕಾದಿರಿಸಿ ಅಂದಿತು. ಆಮೇಲೆ ಇಪ್ಪತ್ತನಾಲ್ಕು ಅಂದಿತು. ಒಪ್ಪಂದ ಆಗದೆ 2026ಕ್ಕೂ ಹನ್ನೆರಡೇ ಉಳಿಯಿತು. ಜಾಗ ಕಾದಿರಿಸುವ ಮಾತು ಕೇಳಿದಾಗ, ನನ್ನ ತಂಡ ಇರುವುದು ಬಿಗ್ ಟೆನ್‌ನಲ್ಲೇ ಆದರೂ, ನಾಚಿಕೆಯಾಯಿತು. ಆಡುವ ಮೊದಲೇ ನಾಲ್ಕು ಕುರ್ಚಿ ನಮ್ಮದು ಅಂದರೆ ಆಡುವುದೇತಕ್ಕೆ?

ಇಪ್ಪತ್ತನಾಲ್ಕರ ಪರವಾಗಿರುವವರು ಕೆಳಗಿನ ದರ್ಜೆಯನ್ನು ತೋರಿಸುತ್ತಾರೆ. ಎಫ್‌ಸಿಎಸ್‌ನಲ್ಲಿ 2013ರಿಂದ ಇಪ್ಪತ್ತನಾಲ್ಕು ತಂಡಗಳೇ ಆಡುತ್ತಿವೆ, ಏನು ಮುಳುಗಿತು ಅಂತ. ನಿಜ, ಏನೂ ಮುಳುಗಿಲ್ಲ. ಆದರೆ ಅಲ್ಲಿ ಫೈನಲ್ ಒಂದನ್ನು ಬಿಟ್ಟು ಉಳಿದ ಪಂದ್ಯಗಳೆಲ್ಲ ಯಾವುದಾದರೂ ತಂಡದ ಊರಲ್ಲೇ ನಡೆಯುತ್ತವೆ. ಅದನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ನಕಲು ಮಾಡುತ್ತೇವೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮೇಲಿನ ದರ್ಜೆಯಲ್ಲಿ ಇಪ್ಪತ್ತನಾಲ್ಕಾದರೆ ನಾಲ್ಕು ಸೋಲಿನ ತಂಡಗಳೂ ಧಾರಾಳವಾಗಿ ಒಳಗೆ ಬರುತ್ತವೆ. 2025ರಲ್ಲೇ ಅಲಬಾಮಾ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ 28-7ರಿಂದ ಸೋತು, ಮೂರು ಸೋಲು ಹೊತ್ತುಕೊಂಡು, ಒಂಬತ್ತನೇ ಸೀಡ್ ಆಗಿ ಉಳಿಯಿತು. ಅಕ್ಟೋಬರಿನ ಯಾವ ಶನಿವಾರಕ್ಕೆ ಆಮೇಲೆ ಜೀವ ಇರುತ್ತದೆ? ದೊಡ್ಡ ತಂಡಕ್ಕೆ ಸೋಲು ಬರೀ ಸೀಡ್ ಬದಲಾವಣೆ. ನೋಡುವವನಿಗೆ ಜನವರಿಯಲ್ಲಿ ಟಿವಿ ಹಾಕಿದರೆ ಸಾಕು.

ಆಟಗಾರರ ವಿಷಯ ಮಾತ್ರ ಯಾರೂ ಜಾಸ್ತಿ ಎತ್ತುವುದಿಲ್ಲ. ಇಂಡಿಯಾನಾ ಹುಡುಗರು 16 ಪಂದ್ಯ ಆಡಿದರು. ಈಗ ಅವರಿಗೆ ದುಡ್ಡು ಸಿಗುತ್ತದೆ, ಒಳ್ಳೆಯದೇ. ಆದರೆ ತಂಡ ಬದಲಿಸುವ ಕಾಲ, ಕೋಚ್‌ಗಳು ಹಾರಿಹೋಗುವ ಕಾಲ, ಪ್ಲೇಆಫ್ ಎಲ್ಲ ಒಂದರ ಮೇಲೊಂದು. 2025ರಲ್ಲಿ ಲೇನ್ ಕಿಫಿನ್ ಪ್ಲೇಆಫ್‌ಗೆ ಬಂದ ಓಲ್ ಮಿಸ್ ತಂಡವನ್ನು ಅರ್ಧದಲ್ಲೇ ಬಿಟ್ಟು ಎಲ್‌ಎಸ್‌ಯುಗೆ ಹೋದರು. ಆ ತಂಡ ಅವರಿಲ್ಲದೆಯೇ ಸೆಮಿಫೈನಲ್‌ವರೆಗೆ ಹೋಯಿತು, ಸಂತೋಷ. ಇನ್ನೊಂದು ಸುತ್ತು ಸೇರಿಸುವ ಮೊದಲು ಈ ಕ್ಯಾಲೆಂಡರ್ ಸರಿ ಮಾಡಲಿ.

ನನ್ನನ್ನು ಕೇಳಿದರೆ, ಅಂದರೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ, ಹನ್ನೆರಡಕ್ಕೆ ನಿಲ್ಲಿಸಿ. ಚಿಕ್ಕ ಕಾನ್ಫರೆನ್ಸಿನ ಚಾಂಪಿಯನ್‌ಗೆ ಇರುವ ಜಾಗವನ್ನು ಮುಟ್ಟಬೇಡಿ. ಯಾರಿಗೂ ಮೊದಲೇ ಕುರ್ಚಿ ಕಾದಿರಿಸಬೇಡಿ. ಕ್ವಾರ್ಟರ್ ಫೈನಲ್‌ಗಳನ್ನು ಮೊದಲ ನಾಲ್ಕು ಸೀಡಿನವರ ಊರಿಗೆ ಕೊಡಿ. ಆಗ ನಾಲ್ಕನೇ ಮತ್ತು ಐದನೇ ಸ್ಥಾನದ ನಡುವೆ ನಿಜವಾದ ಅಂತರ ಬರುತ್ತದೆ. ಸೋತರೆ ಊರಿನ ಪಂದ್ಯ ಹೋಗುತ್ತದೆ ಅಂದಾಗ ನವೆಂಬರಿನ ಶನಿವಾರಕ್ಕೆ ಒಂದಿಷ್ಟು ಬೆಲೆ ತಾನಾಗಿ ವಾಪಸು ಬರುತ್ತದೆ. ಇದಕ್ಕೆ ದೊಡ್ಡ ಅಡ್ಡಿ ರೋಸ್ ಬೌಲ್ ಅಂತ ನನಗೆ ಗೊತ್ತು. ಜನವರಿ ಒಂದರ ಮಧ್ಯಾಹ್ನ, ಪಾಸಡೀನಾ, ಹಿಂದೆ ಗುಡ್ಡಗಳು, 1902ರಲ್ಲಿ ಶುರುವಾದ ಪಂದ್ಯ. ಪಕ್ಕದ ಮನೆಯ ಹಿರಿಯರ ಮುಂದೆ ಇದನ್ನು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಸೆಮಿಫೈನಲ್ ಒಂದನ್ನು ಪ್ರತಿ ವರ್ಷ ಅಲ್ಲಿಗೇ ಕೊಡೋಣ, ತಾರೀಕು ಬೇಕಾದರೆ ಹಿಂದೆ ಮುಂದೆ ಮಾಡೋಣ ಅಂದೆ. ತಾರೀಕು ಮುಟ್ಟಿದರೆ ಅದು ರೋಸ್ ಬೌಲೇ ಅಲ್ಲ ಅಂದರು. ಆ ವಾದ ಇನ್ನೂ ನಡೆಯುತ್ತಿದೆ.